ರೂಸ್‌ವೆಲ್ಟ್ ಅಮೆರಿಕವನ್ನು ಮಹಾ ಕುಸಿತದಿಂದ ಎತ್ತಿದ್ದು ನಿಜವಾ? ಎತ್ತಿದ್ದರೆ ಹೇಗೆ?

ಪಿಡಿಒ ಗದಗ ಸೀಮೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಉದ್ಯೋಗ ಖಾತರಿಯ ಜಾಬ್ ಕಾರ್ಡು, ಎನ್‌ಎಂಆರ್ (ಕೂಲಿಕಾರರ ಹಾಜರಾತಿ ಪಟ್ಟಿ), ಬದು, ಕೃಷಿಹೊಂಡ, "ಮೇಡಂ, ನನ್ನ ಕೂಲಿ ಇನ್ನೂ ಜಮಾ ಆಗಿಲ್ರೀ" ಅನ್ನೋ ತಕರಾರು. ದಿನ ಬೆಳಗಾದರೆ ಇದೇ. ಇತಿಹಾಸ ಓದಿದ್ದು ಡಿಗ್ರಿಯಲ್ಲಿ, ಅದೂ ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು.

ಈಚೆಗೆ ಒಂದು ತರಬೇತಿಗೆ ಹೋಗಿದ್ದೆ. ಸರ್ಕಾರವೇ ದುಡ್ಡು ಹಾಕಿ ಕೆಲಸ ಹುಟ್ಟಿಸುವ ಮಾತು ಬಂದಾಗ ಪಾಠ ಹೇಳುತ್ತಿದ್ದವರು 1930ರ ದಶಕದ ಅಮೆರಿಕದ ಉದಾಹರಣೆ ಕೊಟ್ಟರು. ರೂಸ್‌ವೆಲ್ಟ್ ಅಧ್ಯಕ್ಷನಾಗಿ ಬಂದ, ನ್ಯೂ ಡೀಲ್ ಅನ್ನೋ ನೆರವು, ಸುಧಾರಣೆಗಳ ಕಂತೆ ತಂದ, ಜನಕ್ಕೆ ಕೆಲಸ ಕೊಟ್ಟ, ಕುಸಿತ ಮುಗೀತು. ಅಷ್ಟರಲ್ಲಿ ಚಹಾ ಬಂತು. ಊಟಕ್ಕೆ ಕೂತಾಗ ಪಕ್ಕದ ತಾಲ್ಲೂಕಿನ ಎಂಜಿನಿಯರೊಬ್ಬರು, "ಅದೆಲ್ಲಾ ಬೊಗಳೆ. ಗುಂಡಿ ತೋಡಿಸಿ ಗುಂಡಿ ಮುಚ್ಚಿಸಿದ. ಯುದ್ಧ ಬಂತು ನೋಡ್ರಿ, ಆಮೇಲೆ ಉದ್ಧಾರ ಆದರು" ಅಂದರು. ಮನೆಗೆ ಬಂದು ಹೇಳಿದರೆ ನಮ್ಮ ಮಾವನವರು "ಗಟ್ಟಿ ಮನುಷ್ಯಾ ಮ್ಯಾಲ ಕುಂತ್ರ ಎಲ್ಲಾ ಆಗ್ತೈತವಾ, ಉಳಿದದ್ದು ಪುಸ್ತಕದ ಬದನೆಕಾಯಿ" ಅಂತ ತೀರ್ಪು ಕೊಟ್ಟು ಮಲಗಿದರು.

ನನಗೆ ಇದು ಬರೀ ಕುತೂಹಲವಲ್ಲ. 2020ರ ಲಾಕ್‌ಡೌನಿನಲ್ಲಿ ಗೋವಾ, ಮಂಗಳೂರು, ಬೆಂಗಳೂರಿನಿಂದ ವಾಪಸ್ ಬಂದ ಹುಡುಗರು ಪಂಚಾಯ್ತಿ ಕಟ್ಟೆ ಮೇಲೆ ಸಾಲಾಗಿ ಕೂತಿದ್ದರು. ಟೈಲ್ಸ್ ಹಾಕೋನು, ಹೋಟೆಲಲ್ಲಿ ದೋಸೆ ಹಾಕೋನು, ಸೆಕ್ಯುರಿಟಿ ಗಾರ್ಡು. ಮದುವೆಯಾಗಿ ಬೇರೆ ಇದ್ದರೂ ಅಪ್ಪನ ಕಾರ್ಡಲ್ಲೇ ಹೆಸರು, ಇಲ್ಲವೇ ಎಲ್ಲೂ ಇಲ್ಲ. ಹೊಸ ಕಾರ್ಡ್ ಮಾಡಿ, ಎನ್‌ಎಂಆರ್ ತೆಗೆದು ಕೆರೆ ಹೂಳಿಗೆ ಕಳಿಸಿದೆವು. ಕೆಲಸ ಕೊಡೋದು ಅಷ್ಟು ಕಷ್ಟ ಆಗಲಿಲ್ಲ. ಅವರಿಗೆ ಬೇಕಿದ್ದದ್ದು ಆ ವಾರದ ಸಂತೆಗೆ ದುಡ್ಡು, ನಮ್ಮ ದುಡ್ಡು ಹೊರಟಿದ್ದು ಅದರ ಪಾಡಿಗೆ ಅದು.

ಹಾಗಾಗಿ ತಿಳಿದವರು ಹೇಳಿ. ಇಡೀ ದೇಶವೇ ನಿಂತುಹೋದಾಗ ಸರ್ಕಾರ ಮೊದಲು ಯಾವುದಕ್ಕೆ ಕೈ ಹಾಕಬೇಕು? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಷ್ಟು ಜನಕ್ಕೆ ಕೂಲಿ ಹೇಗೆ ಮುಟ್ಟಿಸಿದರು? ಇದರಲ್ಲಿ ಮೇಲೆ ಕೂತ ಮನುಷ್ಯನ ಪಾಲು ಎಷ್ಟು?

---

ಹಳೇ ಕ್ಯಾಷಿಯರ್ ಉತ್ತರ:

ಮೇಡಂ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಆದ್ದರಿಂದ ನನ್ನ ಉತ್ತರ ಬ್ಯಾಂಕಿನಿಂದಲೇ ಶುರುವಾಗುತ್ತೆ. ರೂಸ್‌ವೆಲ್ಟ್ ಕೂಡ ಅಲ್ಲಿಂದಲೇ ಶುರು ಮಾಡಿದ್ದು. ತರಬೇತಿಗಳಲ್ಲಿ ಇದನ್ನು ಬಿಟ್ಟು ನೇರ ರಸ್ತೆ, ಸೇತುವೆಗೆ ಹಾರಿಬಿಡುತ್ತಾರೆ.

ನಾನು ಹೊಸದಾಗಿ ಕೌಂಟರಿಗೆ ಕೂತಿದ್ದ ಕಾಲದಲ್ಲಿ ನಮ್ಮೂರಿನ ಒಂದು ಸಹಕಾರಿ ಬ್ಯಾಂಕು ಬಾಗಿಲು ಹಾಕಿತು. ಮಾರನೇ ದಿನ ನಮ್ಮ ಶಾಖೆ ಮುಂದೆ ಜನ. ನಮಗೂ ಆ ಬ್ಯಾಂಕಿಗೂ ಯಾವ ಸಂಬಂಧವೂ ಇಲ್ಲ, ಆದರೆ ಹೆದರಿದವರಿಗೆ ಅದನ್ನು ಹೇಳೋರು ಯಾರು? ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಮುದುಕಿಯರು, ಎಫ್‌ಡಿ ರಸೀತಿ ಹಿಡಿದ ಮೇಷ್ಟ್ರುಗಳು. ನಮ್ಮ ಮ್ಯಾನೇಜರು ಕರೆನ್ಸಿ ಚೆಸ್ಟಿನಿಂದ ಹಣ ತರಿಸಿ, ನೋಟಿನ ಕಟ್ಟುಗಳನ್ನು ಎಲ್ಲರ ಕಣ್ಣಿಗೆ ಬೀಳೋ ಹಾಗೆ ನನ್ನ ಹಿಂದಿನ ಟೇಬಲ್ ಮೇಲೆ ಪೇರಿಸಿಟ್ಟರು. "ಯಾರಿಗೂ ಇಲ್ಲ ಅನ್ನಬೇಡ, ಕೇಳಿದಷ್ಟು ಕೊಡು, ಆದರೆ ಎರಡೆರಡು ಸಲ ಎಣಿಸು" ಅಂದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸಾಲು ಕರಗಿತು. ಇಟ್ಟವರು ಕೇಳಿದರೆ ಸಿಗುತ್ತೆ ಅಂತ ಗೊತ್ತಾದ ಮೇಲೆ ಯಾರಿಗೂ ಬೇಡ.

ಈಗ ಇದನ್ನೇ ಒಂದು ದೇಶದ ಅಳತೆಗೆ ಹಿಗ್ಗಿಸಿ. 1930ರಿಂದ 1933ರ ನಡುವೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲ. 1933ರ ಫೆಬ್ರವರಿಯಲ್ಲಿ ಮಿಶಿಗನ್ ರಾಜ್ಯ ತನ್ನ ಎಲ್ಲಾ ಬ್ಯಾಂಕುಗಳಿಗೆ ರಜೆ ಘೋಷಿಸಿತು, ಅದನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಇನ್ನೊಬ್ಬರು. ಮಾರ್ಚ್ 4ರಂದು ರೂಸ್‌ವೆಲ್ಟ್ ಪ್ರಮಾಣವಚನ ತೆಗೆದುಕೊಳ್ಳುವ ಹೊತ್ತಿಗೆ ದೇಶದ ಹೆಚ್ಚಿನ ಭಾಗದಲ್ಲಿ ಬ್ಯಾಂಕು ಮುಚ್ಚಿತ್ತು, ಇಲ್ಲವೇ ಇಷ್ಟೇ ತೆಗೀಬೇಕು ಅಂತ ಕಟ್ಟು ಹಾಕಿತ್ತು.

ಎರಡು ದಿನಕ್ಕೆ, ಮಾರ್ಚ್ 6ರಂದು, ಇಡೀ ದೇಶದ ಬ್ಯಾಂಕುಗಳಿಗೆ ರಜೆ. 9ರಂದು ತುರ್ತು ಬ್ಯಾಂಕಿಂಗ್ ಕಾಯ್ದೆ. ಮಸೂದೆಯ ಪ್ರತಿ ಕೂಡ ಸದಸ್ಯರ ಕೈಗೆ ಸಿಕ್ಕಿರಲಿಲ್ಲ, ಓದಿ ಹೇಳಿದರು, ಅದೇ ದಿನ ಎರಡೂ ಸದನದಲ್ಲಿ ಪಾಸು, ರಾತ್ರಿ ಸಹಿ. (ಇದನ್ನು ಕೇಳಿ ನಿಮ್ಮ ಮಾವನವರು ಖುಷಿಪಡಬಹುದು. ಸ್ವಲ್ಪ ತಡೀರಿ ಅನ್ನಿ.) ಆಮೇಲೆ ಬ್ಯಾಂಕುಗಳನ್ನು ಮೂರು ಗುಂಪು ಮಾಡಿದರು. ಗಟ್ಟಿ ಇರೋವು ತೆರೀಲಿ, ರಿಪೇರಿ ಬೇಕಾದವಕ್ಕೆ ಒಬ್ಬ ಮೇಲ್ವಿಚಾರಕ, ಸತ್ತಿರೋವು ಸತ್ತ ಹಾಗೇ ಇರಲಿ. ತೆರೆಯೋ ಬ್ಯಾಂಕಿಗೆ ಫೆಡರಲ್ ರಿಸರ್ವ್ (ನಮ್ಮ ರಿಸರ್ವ್ ಬ್ಯಾಂಕಿನ ಥರ ಅವರ ಕೇಂದ್ರ ಬ್ಯಾಂಕು) ಬೇಕಾದಷ್ಟು ನೋಟು ಕೊಡೋದಕ್ಕೆ ಕಾನೂನಿನಲ್ಲೇ ದಾರಿ ಮಾಡಿಟ್ಟರು. ನಮ್ಮ ಮ್ಯಾನೇಜರ ಟೇಬಲ್ ನೆನಪಿಸಿಕೊಳ್ಳಿ.

12ನೇ ತಾರೀಖು ಭಾನುವಾರ ರಾತ್ರಿ ರೇಡಿಯೋದಲ್ಲಿ ಮಾತಾಡಿದ. ಕಾಲು ಗಂಟೆಯೂ ಇಲ್ಲ. ವೀರಾವೇಶ ಏನೂ ಇಲ್ಲದ ಮಾತು ಅದು. ನೀವು ಇಟ್ಟ ದುಡ್ಡನ್ನು ಬ್ಯಾಂಕಿನವರು ತಿಜೋರಿಯಲ್ಲಿ ಬಚ್ಚಿಡೋದಿಲ್ಲ, ಸಾಲ ಕೊಡುತ್ತಾರೆ, ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಎಂಥ ಗಟ್ಟಿ ಬ್ಯಾಂಕೂ ಕೊಡಲಾರದು ಅಂತ ಬ್ಯಾಂಕಿನ ಒಳಗೆಲಸವನ್ನು ವಿವರಿಸಿದ. ನಾಳೆ ಈ ಊರುಗಳಲ್ಲಿ ತೆರೆಯುತ್ತೆ, ನಾಡಿದ್ದು ಆ ಊರುಗಳಲ್ಲಿ, ನಿಮ್ಮೂರಿನದು ನಾಳೆ ತೆರೀಲಿಲ್ಲ ಅಂದರೆ ಗಾಬರಿಯಾಗಬೇಡಿ ಅಂದ. ಹಾಸಿಗೆ ಕೆಳಗಿಗಿಂತ ತೆರೆದ ಬ್ಯಾಂಕಿನಲ್ಲಿ ದುಡ್ಡು ಭದ್ರ ಅಂದ. ಸೋಮವಾರ ಬೆಳಿಗ್ಗೆ ಸಾಲು ನಿಂತಿದ್ದರು ನಿಜ, ಈ ಸಲ ದುಡ್ಡು ಕಟ್ಟೋದಕ್ಕೆ. ತಿಂಗಳ ಕೊನೆಗೆ, ಹೆದರಿಕೆಯಲ್ಲಿ ತೆಗೆದಿದ್ದ ಹಣದ ಸುಮಾರು ಮೂರನೇ ಎರಡು ಭಾಗ ವಾಪಸ್ ಬಂದಿತ್ತು.

ಹಾಗಂತ ಎಲ್ಲಾ ಬೆಣ್ಣೆ ಮಾತಲ್ಲ. ಬ್ಯಾಂಕಿನಿಂದ ಚಿನ್ನ ತೆಗೆದುಕೊಂಡು ಹೋಗಿ ಇಟ್ಟುಕೊಂಡವರು ಇಷ್ಟರೊಳಗೆ ತರದಿದ್ದರೆ ಹೆಸರು ಪ್ರಕಟಿಸ್ತೀವಿ ಅಂತ ಫೆಡರಲ್ ರಿಸರ್ವ್ ಹೆದರಿಸಿತ್ತು. ಏಪ್ರಿಲಿನಲ್ಲಿ ಚಿನ್ನದ ನಾಣ್ಯ, ಗಟ್ಟಿ ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸಿ ಅಂತ ಆಜ್ಞೆಯೇ ಬಂತು. ಒಡವೆಗೆ ವಿನಾಯಿತಿ. ನಮ್ಮ ಕಡೆ ಇಂಥ ಆಜ್ಞೆ ಹೊರಡಿಸಿದ ಸರ್ಕಾರ ಸಂಜೆವರೆಗೆ ಉಳಿಯುತ್ತಿತ್ತೋ ಇಲ್ಲವೋ.

ಇನ್ನು ನಿಮ್ಮ ಮಾವನವರ ಮಾತು. ರೂಸ್‌ವೆಲ್ಟ್ ಗಟ್ಟಿ ಮನುಷ್ಯ ನಿಜ, ಆದರೆ ಅವನಿಗೆ ಒಲಿದ ಗೆಲುವು ಬಹುಪಾಲು ಅವನು ತನ್ನ ಹಠ ಬಿಟ್ಟ ಕಡೆ ಒಲಿದದ್ದು. ನನ್ನ ಲೆಕ್ಕದಲ್ಲಿ ಅವನ ನಾಯಕತ್ವ ಅಂದರೆ ಇದೇ.

ಆ ಬ್ಯಾಂಕ್ ಕಾಯ್ದೆಯನ್ನೇ ನೋಡಿ. ಅದರ ಬಹುಪಾಲು ಕರಡು ಸಿದ್ಧಮಾಡಿದ್ದು ಸೋತುಹೋದ ಹಿಂದಿನ ಅಧ್ಯಕ್ಷ ಹೂವರ್ ಸರ್ಕಾರದ ಹಣಕಾಸು ಅಧಿಕಾರಿಗಳು. "ನಿಮ್ಮವರನ್ನೆಲ್ಲ ಹೊರಗೆ ಹಾಕ್ತೀನಿ" ಅನ್ನದೆ ಅವರನ್ನು ಕೂರಿಸಿಕೊಂಡೇ ಕೆಲಸ ಮುಗಿಸಿದ. ಅದಕ್ಕೆ ಮುಂಚಿನ ನಾಲ್ಕು ತಿಂಗಳು ಇದೇ ಮನುಷ್ಯ ಹೂವರ್ ಜೊತೆ ಸೇರಿ ಏನೂ ಮಾಡಲೊಪ್ಪದೆ ದೂರ ನಿಂತಿದ್ದ. ಅದನ್ನೂ ಹೇಳಬೇಕು. ನವೆಂಬರಿನಲ್ಲಿ ಗೆದ್ದವನು ಮಾರ್ಚಿನವರೆಗೆ ಕಾಯಬೇಕಿದ್ದ ಆ ಪದ್ಧತಿ ಎಷ್ಟು ದುಬಾರಿ ಅಂತ ಆಗ ಗೊತ್ತಾಯಿತು. ಜನವರಿ 20ಕ್ಕೇ ಅಧಿಕಾರ ಕೊಡುವ ತಿದ್ದುಪಡಿಗೆ 1933ರ ಜನವರಿಯಲ್ಲೇ ಒಪ್ಪಿಗೆ ಸಿಕ್ಕಿತ್ತು, ಆದರೆ ಅದು ಜಾರಿಯಾದದ್ದು ಆಮೇಲೆ.

ಠೇವಣಿ ವಿಮೆ, ಅಂದರೆ ಬ್ಯಾಂಕು ಮುಳುಗಿದರೂ ಇಟ್ಟವರಿಗೆ ದುಡ್ಡು ಸಿಗುವ ಖಾತರಿ, ಅದರ ಕಥೆ ಇನ್ನೂ ಸೊಗಸು. ನ್ಯೂ ಡೀಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬಂದ ಸುಧಾರಣೆ ಯಾವುದು ಅಂದರೆ ನಾನು ಅದನ್ನೇ ಹೇಳೋದು. ರೂಸ್‌ವೆಲ್ಟಿಗೆ ಅದು ಬೇಡವಾಗಿತ್ತು! ಒಳ್ಳೇ ಬ್ಯಾಂಕಿನ ದುಡ್ಡಲ್ಲಿ ಕೆಟ್ಟ ಬ್ಯಾಂಕನ್ನು ಸಾಕಿದಂತಾಗುತ್ತೆ ಅನ್ನೋದು ಅವನ ಅಳುಕು. ಅಲ್ಲಿನ ಸಂಸತ್ತು ಕಾಂಗ್ರೆಸ್ಸಿನಲ್ಲಿ ಸ್ಟೀಗಲ್, ವಾಂಡನ್‌ಬರ್ಗ್ ಮುಂತಾದವರು ಪಟ್ಟು ಹಿಡಿದರು, ಇವನು ಬಾಗಿದ. 1934ರ ಜನವರಿ 1ರಿಂದ 2,500 ಡಾಲರ್‌ವರೆಗೆ ವಿಮೆ. ಆ ವರ್ಷ ವಿಮೆಗೆ ಒಳಪಟ್ಟ ಬ್ಯಾಂಕುಗಳಲ್ಲಿ ಮುಳುಗಿದ್ದು ಬರೀ ಒಂಬತ್ತು. ಸಾವಿರದ ಲೆಕ್ಕ ಒಂಬತ್ತಕ್ಕೆ ಇಳಿಯಿತು. ನಮ್ಮ ದೇಶಕ್ಕೆ ಇದು ಬಂದದ್ದು 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ: 1962ರಿಂದ 1,500 ರೂಪಾಯಿ, 1993ರಲ್ಲಿ ಒಂದು ಲಕ್ಷ, 2020ರಲ್ಲಿ ಐದು ಲಕ್ಷ. ನಾನು ಹೇಳಿದ ಆ ಸಹಕಾರಿ ಬ್ಯಾಂಕಿನ ಠೇವಣಿದಾರರು ಎಷ್ಟೋ ಕಾಲ ಅಲೆದರು. ಈಗ 90 ದಿನದೊಳಗೆ ಕೊಡಬೇಕು ಅಂತ 2021ರಲ್ಲಿ ಕಾನೂನು ತಿದ್ದಿದ್ದಾರೆ. ಅಷ್ಟಾದರೂ ಆಯ್ತಲ್ಲ.

ಇನ್ನು ಬಜೆಟ್ಟು. 1932ರ ಚುನಾವಣೆಯಲ್ಲಿ ಪಿಟ್ಸ್‌ಬರ್ಗಿನಲ್ಲಿ ನಿಂತು, ಸರ್ಕಾರದ ಖರ್ಚನ್ನು ಕಾಲುಭಾಗ ಕಡಿಮೆ ಮಾಡ್ತೀನಿ ಅಂದಿದ್ದ. ಬಂದ ಹೊಸದರಲ್ಲಿ ನೌಕರರ ಸಂಬಳ, ಮಾಜಿ ಸೈನಿಕರ ಪಿಂಚಣಿ ಕತ್ತರಿಸಿದ ಕೂಡ. ಆಮೇಲೆ ಹಸಿದವರ ಸಂಖ್ಯೆ ನೋಡಿ ಕೈ ಸಡಿಲ ಬಿಟ್ಟ. 1936ರಲ್ಲಿ ಮತ್ತೆ ಅದೇ ಊರಿಗೆ ಭಾಷಣಕ್ಕೆ ಹೋಗಬೇಕಾಗಿ ಬಂದಾಗ, ಹಳೇ ಮಾತಿಗೆ ಏನು ಸಮಜಾಯಿಷಿ ಕೊಡಲಿ ಅಂತ ಕೇಳಿದ್ದಕ್ಕೆ ಅವನ ಭಾಷಣ ಬರೆಯುತ್ತಿದ್ದ ರೋಸೆನ್‌ಮನ್, ನೀವು ಪಿಟ್ಸ್‌ಬರ್ಗಿಗೆ ಬಂದೇ ಇರಲಿಲ್ಲ ಅಂತ ಸಾಧಿಸಿಬಿಡಿ ಅಂದನಂತೆ.

ಚಿನ್ನದ ವಿಷಯದಲ್ಲಿ ಮಾತ್ರ ಇದಕ್ಕೆ ಉಲ್ಟಾ, ತಜ್ಞರ ಮಾತಿಗೆ ಸೊಪ್ಪೇ ಹಾಕಲಿಲ್ಲ. ಡಾಲರನ್ನು ಚಿನ್ನದ ಗೂಟದಿಂದ ಬಿಚ್ಚಿದ. ಬೆಳಿಗ್ಗೆ ಹಾಸಿಗೆಯಲ್ಲಿ ತಿಂಡಿ ತಿನ್ನುತ್ತಾ ಆ ದಿನದ ಚಿನ್ನದ ದರ ಗೊತ್ತುಮಾಡುತ್ತಿದ್ದ. ಒಂದು ದಿನ 21 ಸೆಂಟು ಏರಿಸೋಣ ಅಂದ. ಯಾಕೆ? ಮೂರು ಏಳ್ಲಿ ಇಪ್ಪತ್ತೊಂದು, ಶುಭ ಸಂಖ್ಯೆ! ಇದನ್ನು ಜೊತೆಗಿದ್ದ ಮೊರ್ಗೆಂಥಾವ್ ತನ್ನ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಕೊನೆಗೆ 1934ರ ಜನವರಿಯಲ್ಲಿ ಔನ್ಸಿಗೆ 20.67 ಡಾಲರ್ ಇದ್ದದ್ದನ್ನು 35ಕ್ಕೆ ನಿಲ್ಲಿಸಿದರು. ಕ್ರಿಸ್ಟಿನಾ ರೋಮರ್ ಥರದ ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ, 1933ರ ನಂತರದ ಚೇತರಿಕೆಗೆ ರಸ್ತೆ ಸೇತುವೆಗಿಂತ ಹೆಚ್ಚು ಕಾರಣ ಈ ಬದಲಾವಣೆಯಿಂದ ದೇಶದೊಳಗೆ ಹರಿದ ಹಣ.

ಹಠ ಬಿಡದಿದ್ದ ಕಡೆ ಏನಾಯಿತು ಅನ್ನೋದಕ್ಕೆ 1937 ನೋಡಿ. ಎಲ್ಲಾ ಸರಿಹೋಯ್ತು ಅಂದುಕೊಂಡು ಬಜೆಟ್ ಸರಿದೂಗಿಸಲು ಹೊರಟ. ಖರ್ಚು ಕತ್ತರಿಸಿದ, ಕೆಲಸದ ಯೋಜನೆಗಳಿಂದ ಜನರನ್ನು ಇಳಿಸಿದ, ಆ ಕಡೆ ಫೆಡರಲ್ ರಿಸರ್ವ್ ಬ್ಯಾಂಕುಗಳ ಕೈ ಬಿಗಿಮಾಡಿತು. ವರ್ಷದೊಳಗೆ ಕೈಗಾರಿಕಾ ಉತ್ಪಾದನೆ ಮೂರನೇ ಒಂದು ಭಾಗದಷ್ಟು ಬಿತ್ತು. 1938ರ ಏಪ್ರಿಲಿನಲ್ಲಿ ಮತ್ತೆ ಥೈಲಿ ಬಿಚ್ಚಬೇಕಾಯಿತು. ನಿಮ್ಮ ಎಂಜಿನಿಯರ್ ಸಾಹೇಬರು ಹೇಳಿದ "ಯುದ್ಧದಿಂದ ಉದ್ಧಾರ" ಅರ್ಧ ನಿಜ. ನಿರುದ್ಯೋಗ ಪೂರ್ತಿ ಹೋದದ್ದು ಎರಡನೇ ಮಹಾಯುದ್ಧದ ಖರ್ಚಿನಿಂದಲೇ. ಆದರೆ ಯುದ್ಧ ಅಂದರೂ ಸರ್ಕಾರದ ಖರ್ಚೇ ಅಲ್ವಾ, ಸಾಹೇಬರೇ? ಮೊದಲು ಹಿಂದೆ ಮುಂದೆ ನೋಡಿ ಕೊಟ್ಟದ್ದನ್ನು ಆಗ ಎಣಿಸದೆ ಕೊಟ್ಟರು.

ಕೂಲಿ ಹೇಗೆ ಮುಟ್ಟಿಸಿದರು ಅಂತ ಕೇಳಿದಿರಿ. ಅದು ಹ್ಯಾರಿ ಹಾಪ್ಕಿನ್ಸ್ ಕಥೆ, ಸಂಜೆ ಬರೀತೀನಿ. ಕಣ್ಣು ನೋಯ್ತಿದೆ.

---

ಟೆನೆಸೀ ಕನ್ನಡಿಗ ಉತ್ತರ:

ಕ್ಯಾಷಿಯರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಾನಿರೋದು ನಾಕ್ಸ್‌ವಿಲ್ ಹತ್ತಿರ. ಇಲ್ಲಿಂದ ಅರ್ಧ ಗಂಟೆ ಡ್ರೈವ್ ಮಾಡಿದರೆ ನಾರಿಸ್ ಡ್ಯಾಮ್. ಟಿವಿಎ ಅಂದರೆ ಟೆನೆಸೀ ಕಣಿವೆ ಪ್ರಾಧಿಕಾರ ಕಟ್ಟಿದ ಮೊದಲ ಅಣೆಕಟ್ಟು, 1933ರಲ್ಲಿ ಶುರು, 1936ರಲ್ಲಿ ಮುಗೀತು. ಊರಿಂದ ಅಪ್ಪ ಅಮ್ಮ ಬಂದಾಗ ತೋರಿಸೋಕೆ ಕರೆದುಕೊಂಡು ಹೋಗೋ ಜಾಗ. ಅಪ್ಪ ಕೆಆರ್‌ಎಸ್‌ಗೆ ಹೋಲಿಸಿ "ಬೃಂದಾವನ ಇಲ್ಲವಲ್ಲೋ" ಅಂದುಬಿಟ್ಟರು.

ಆ ಹೆಸರಿನ ನಾರಿಸ್ ಯಾರು ಗೊತ್ತಾ? ಜಾರ್ಜ್ ನಾರಿಸ್, ನೆಬ್ರಾಸ್ಕದ ಸೆನೆಟರ್, ಅದೂ ರಿಪಬ್ಲಿಕನ್ ಪಕ್ಷದವರು. ಈ ನದಿಯ ವಿದ್ಯುತ್ತನ್ನು ಸಾರ್ವಜನಿಕರ ಕೈಲೇ ಇಡಬೇಕು ಅಂತ 1920ರ ದಶಕವೆಲ್ಲ ಗುದ್ದಾಡಿದರು. ಒಮ್ಮೆ ಆಗಿನ ಅಧ್ಯಕ್ಷ ಕೂಲಿಜ್ ಮಸೂದೆಗೆ ಸಹಿ ಹಾಕದೆ ಸಾಯಿಸಿದರು, ಇನ್ನೊಮ್ಮೆ ಹೂವರ್ ವೀಟೋ ಮಾಡಿದರು. ರೂಸ್‌ವೆಲ್ಟ್ ಬಂದ ಎರಡೂವರೆ ತಿಂಗಳಲ್ಲಿ ಕಾಯ್ದೆ ಆಯಿತು ಅಂತ ನಾವು ಬೆರಗಾಗ್ತೀವಿ. ಅದರ ಹಿಂದೆ ಹತ್ತು ವರ್ಷದ ಕಡತ ಇತ್ತು. ಕುಸಿತ ಬಂದ ಮೇಲೆ ಯೋಜನೆ ಬರೆಯೋಕೆ ಕೂತಿದ್ದರೆ ಯುದ್ಧ ಮುಗಿದ ಮೇಲೆ ಡ್ಯಾಮ್ ಆಗುತ್ತಿತ್ತು.

ಇನ್ನೊಂದು ಮುಖವೂ ಇದೆ. ಈ ಒಂದು ಡ್ಯಾಮಿಗೇ ಸುಮಾರು 3,000 ಕುಟುಂಬ ಎದ್ದು ಹೋಗಬೇಕಾಯಿತು. ಐದು ಸಾವಿರಕ್ಕೂ ಹೆಚ್ಚು ಗೋರಿಗಳನ್ನು ಅಗೆದು ಬೇರೆಡೆ ಸಾಗಿಸಿದರು. ಭೂಮಿ ಹೆಸರಲ್ಲಿ ಇದ್ದವರಿಗೆ ದುಡ್ಡು ಸಿಕ್ಕಿತು, ಗೇಣಿಗೆ ಮಾಡುತ್ತಿದ್ದವರು ಬರಿಗೈಯಲ್ಲಿ ಹೋದರು. ಲಿಂಗನಮಕ್ಕಿ, ಆಲಮಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕರೆಂಟು. 1930ರ ದಶಕದ ಮಧ್ಯದಲ್ಲಿ ಅಮೆರಿಕದ ಹತ್ತು ರೈತರಲ್ಲಿ ಒಬ್ಬರ ಮನೆಗಷ್ಟೇ ಕರೆಂಟು ಇತ್ತು. ಖಾಸಗಿ ಕಂಪನಿಗಳು ಹಳ್ಳಿಗೆ ತಂತಿ ಎಳೆದರೆ ಗಿಟ್ಟಲ್ಲ ಅಂದವು. ಸರ್ಕಾರ ಸಾಲ ಕೊಡ್ತು, ರೈತರು ಸಹಕಾರ ಸಂಘ ಮಾಡಿಕೊಂಡು ತಾವೇ ತಂತಿ ಎಳೆದರು. ನಮ್ಮ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆಯಲ್ಲ, 1960ರ ದಶಕದ ಕೊನೆಗೆ ಶುರುವಾದದ್ದು, ಅದು ಈ ಅಮೆರಿಕನ್ ಸಂಘಗಳ ಮಾದರಿಯಲ್ಲಿ, ಅವರ ಸಲಹೆ ಪಡೆದು ಹುಟ್ಟಿದ್ದು. ನನ್ನ ಹೆಂಡತಿ ಊರು ಆ ಕಡೆ. ಅಲ್ಲಿ ಬಿಲ್ ಕಟ್ಟೋರಿಗೆ ರೂಸ್‌ವೆಲ್ಟ್ ಗೊತ್ತಿಲ್ಲ, ಇಲ್ಲಿ ಬಿಲ್ ಕಟ್ಟೋರಿಗೆ ಹುಕ್ಕೇರಿ ಗೊತ್ತಿಲ್ಲ.

---

ಘಟ್ಟದ ಮೇಲಿನವ ಉತ್ತರ:

ಎಲ್ಲರೂ ಅಮೆರಿಕದ್ದೇ ಹೇಳ್ತಾ ಇದ್ದೀರಿ. ಅದೇ ವರ್ಷಗಳಲ್ಲಿ ನಮ್ಮಲ್ಲಿ ಏನಾಗುತ್ತಿತ್ತು ನೋಡಿ, ಆಗ ವ್ಯತ್ಯಾಸ ಗೊತ್ತಾಗ್ತದೆ. ನಾನು ಸಿದ್ದಾಪುರ ಕಡೆಯವ.

1929ರ ನಂತರ ಇಂಡಿಯಾದಲ್ಲಿ ಬೆಳೆಗಳ ಬೆಲೆ ಹತ್ತಿರಹತ್ತಿರ ಅರ್ಧಕ್ಕೆ ಬಿತ್ತು. ಕಂದಾಯ ಮಾತ್ರ ರೂಪಾಯಿ ಲೆಕ್ಕದಲ್ಲಿ ಹಾಗೇ ನಿಂತಿತ್ತು. ಮೊದಲು ಒಂದು ಚೀಲ ಮಾರಿ ಕಟ್ಟುತ್ತಿದ್ದವ ಈಗ ಎರಡು ಚೀಲ ಮಾರಬೇಕು. ರೂಪಾಯಿಯ ಬೆಲೆಯನ್ನು 1 ಶಿಲ್ಲಿಂಗ್ 6 ಪೆನ್ಸಿಗೆ ಕಟ್ಟಿಹಾಕಿದ್ದ ಬ್ರಿಟಿಷರು ಅದನ್ನು ಇಳಿಸಲೇ ಇಲ್ಲ (ಇಳಿಸಿದ್ದರೆ ಬೆಳೆಗೆ ರೂಪಾಯಿ ಲೆಕ್ಕದಲ್ಲಿ ಹೆಚ್ಚು ಸಿಗುತ್ತಿತ್ತು). 1930ರ ಜನವರಿಯಲ್ಲಿ ಗಾಂಧೀಜಿ ವೈಸರಾಯ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನದು ಎಲ್ಲರಿಗೂ ಗೊತ್ತು. ರೂಪಾಯಿಯನ್ನು 1 ಶಿಲ್ಲಿಂಗ್ 4 ಪೆನ್ಸಿಗೆ ಇಳಿಸಿ, ಕಂದಾಯ ಅರ್ಧ ಮಾಡಿ ಅನ್ನೋದೂ ಅದರಲ್ಲಿತ್ತು. ರೂಸ್‌ವೆಲ್ಟ್ ಡಾಲರಿಗೆ ಮಾಡಿದ್ದನ್ನು ಗಾಂಧೀಜಿ ಮೂರು ವರ್ಷ ಮೊದಲೇ ರೂಪಾಯಿಗೆ ಕೇಳಿದ್ದರು ಅಂತ ನಾನು ಹೇಳಿದರೆ ಅರ್ಥಶಾಸ್ತ್ರದವರು ಹೊಡೆಯಲು ಬರಬಹುದು, ಬರಲಿ. 1931ರಿಂದ ಸಾಲಗಾರ ರೈತರ ಮನೆಯ ಒಡವೆ ಕರಗಿ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಸರ್ಕಾರಕ್ಕೆ ಅದು ಸಂತೋಷದ ಸುದ್ದಿ.

ನಮ್ಮ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿ. ಅಂಕೋಲಾ, ಸಿದ್ದಾಪುರದಲ್ಲಿ ಕರನಿರಾಕರಣೆ ನಡೆದದ್ದನ್ನು ಶಾಲೆಯಲ್ಲಿ ಸ್ವಾತಂತ್ರ್ಯ ಚಳವಳಿಯ ಪಾಠವಾಗಿ ಓದ್ತೇವೆ. ಅದು ಹೌದು. ಅದರ ಕೆಳಗೆ ಈ ಬೆಲೆ ಕುಸಿತವೂ ಇದೆ. ಕಂದಾಯ ಕಟ್ಟದವರ ಗದ್ದೆ ತೋಟ ಹರಾಜಾಯಿತು, ಪಾತ್ರೆ ದನ ಜಪ್ತಾಯಿತು. ಆ ಜಮೀನು ತಿರುಗಿ ಕೊಡಲು ಕಾನೂನು ಬಂದದ್ದು ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, 1938ರಲ್ಲಿ.

ಅದೇ ಹೊತ್ತಿಗೆ ಗಡಿಯ ಆ ಕಡೆ ಮೈಸೂರು ಸಂಸ್ಥಾನದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್. ಕೆಆರ್‌ಎಸ್ ನೀರನ್ನು ಹುಲಿಕೆರೆ ಸುರಂಗ ದಾಟಿಸಿ ಇರ್ವಿನ್ ನಾಲೆಯಲ್ಲಿ ಮಂಡ್ಯಕ್ಕೆ ಹರಿಸಿದರು (ಈಗ ಅದು ವಿಶ್ವೇಶ್ವರಯ್ಯ ನಾಲೆ). ನೀರು ಬಂತು, ರಾಗಿಗೆ ಬೆಲೆ ಇಲ್ಲ, ಏನು ಬೆಳೆಯೋದು? 1932ರಲ್ಲಿ ಇಂಡಿಯಾ ಸರ್ಕಾರ ಸಕ್ಕರೆ ಉದ್ಯಮಕ್ಕೆ ಆಮದು ಸುಂಕದ ರಕ್ಷಣೆ ಕೊಟ್ಟಿತು. 1933ರಲ್ಲಿ ಮೈಸೂರಿನವರು ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿಸಿದರು, ಸಂಸ್ಥಾನದ ದುಡ್ಡೂ ಸೇರಿಸಿ. ಆ ಸುಂಕ ಬಂದ ನಾಲ್ಕೈದು ವರ್ಷದಲ್ಲಿ ದೇಶದ ಸಕ್ಕರೆ ಕಾರ್ಖಾನೆಗಳು ಸುಮಾರು 30ರಿಂದ 130 ದಾಟಿದವು. ಹಾಗಂತ ಮೈಸೂರು ನ್ಯೂ ಡೀಲ್ ಮಾಡಿತು ಅನ್ನೋದು ದೊಡ್ಡ ಮಾತಾಯ್ತು. ನೋಟು ಅಚ್ಚು ಹಾಕುವ ಅಧಿಕಾರವೇ ಇಲ್ಲದ ಸಂಸ್ಥಾನ ಅದು. ಇದ್ದ ನೀರು, ಇದ್ದ ಸುಂಕ ಎರಡನ್ನೂ ಕೂಡಿಸಿದ ಜಾಣತನ ಮಾತ್ರ ಅವರದ್ದೇ.

---

ಅನುಮಾನದ ಪ್ರಾಣಿ ಉತ್ತರ:

ಇಷ್ಟು ಹೊಗಳಿಕೆ ನನಗೆ ಜೀರ್ಣವಾಗುತ್ತಿಲ್ಲ. ನ್ಯೂ ಡೀಲ್ ಯಾರ ಮನೆ ಬಾಗಿಲಿಗೆ ಬರಲಿಲ್ಲ ಅನ್ನೋದನ್ನು ಯಾರೂ ಹೇಳಲಿಲ್ಲ.

ಬೆಲೆ ಏರಿಸಬೇಕು ಅಂತ 1933ರಲ್ಲಿ ಬೆಳೆದು ನಿಂತ ಹತ್ತಿಯನ್ನು ಸುಮಾರು ಒಂದು ಕೋಟಿ ಎಕರೆಯಲ್ಲಿ ನೇಗಿಲು ಹೊಡೆಸಿ ಮಣ್ಣುಪಾಲು ಮಾಡಿಸಿದರು. ಸುಮಾರು 60 ಲಕ್ಷ ಹಂದಿಗಳನ್ನು ಕೊಲ್ಲಿಸಿದರು, ಜನ ಹಸಿದಿದ್ದ ಕಾಲದಲ್ಲಿ. ಬೆಳೆ ಬಿಟ್ಟದ್ದಕ್ಕೆ ಕೊಟ್ಟ ಪರಿಹಾರ ಹೋದದ್ದು ಭೂಮಾಲೀಕನಿಗೆ. ಪಾಲಿಗೆ ಮಾಡುತ್ತಿದ್ದವನಿಗೂ ಹಂಚಬೇಕು ಅಂತ ಕಾಗದದಲ್ಲಿ ಇತ್ತು. ಮಾಲೀಕ ಹಂಚೋ ಬದಲು ಅವನನ್ನೇ ಹೊಲದಿಂದ ಎಬ್ಬಿಸಿದ. ದಕ್ಷಿಣದ ರಾಜ್ಯಗಳಲ್ಲಿ ಹೀಗೆ ಎದ್ದುಹೋದವರಲ್ಲಿ ಕರಿಯರು ಬಹಳ. 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ಪಿಂಚಣಿ ಬಂತು, ಹೊಲದಲ್ಲಿ ಕೂಲಿ ಮಾಡುವವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಕರಿಯ ದುಡಿಮೆಗಾರರಲ್ಲಿ ಹೆಚ್ಚಿನವರು ಮಾಡುತ್ತಿದ್ದದ್ದೇ ಆ ಎರಡು ಕೆಲಸ. ಮರ ನೆಡಲು ಹುಡುಗರನ್ನು ಕಳಿಸಿದ ಸಿಸಿಸಿ ಶಿಬಿರಗಳಲ್ಲೂ ಬಿಳಿಯರದ್ದು ಬೇರೆ, ಕರಿಯರದ್ದು ಬೇರೆ.

ಪಿಡಿಒ ಮೇಡಂಗೆ ಇದು ಹೊಸದಲ್ಲ ಅಂದುಕೊಂಡಿದ್ದೇನೆ. ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವನ ಖಾತೆಗೇ ಹೋಗೋದು, ಕೋರಿಗೆ ಮಾಡಿದವನಿಗಲ್ಲ.

---

ಹಳೇ ಕ್ಯಾಷಿಯರ್ ಉತ್ತರ:

ಅನುಮಾನದವರು ಹೇಳಿದ್ದು ಪೂರಾ ನಿಜ, ತಕರಾರಿಲ್ಲ. ಆ ಕಾನೂನುಗಳು ಪಾಸಾಗಬೇಕಾದರೆ ದಕ್ಷಿಣದ ಸದಸ್ಯರ ವೋಟು ಬೇಕಿತ್ತು, ಅವರು ಕೇಳಿದ ಬೆಲೆ ಅದು.

ಈಗ ಕೂಲಿ ವಿಷಯ. ಹ್ಯಾರಿ ಹಾಪ್ಕಿನ್ಸ್ ಸಮಾಜಸೇವೆಯ ಕೆಲಸದಿಂದ ಬಂದ ಮನುಷ್ಯ. ರೂಸ್‌ವೆಲ್ಟ್ ಸರ್ಕಾರದ ಪರಿಹಾರ ಕೆಲಸದ ಮುಖ್ಯಸ್ಥನಾಗಿ ಕುರ್ಚಿಗೆ ಕೂತ ಮೊದಲ ಎರಡು ಗಂಟೆಯಲ್ಲಿ ರಾಜ್ಯಗಳಿಗೆ 50 ಲಕ್ಷ ಡಾಲರಿಗೂ ಹೆಚ್ಚು ನೆರವು ಬಿಡುಗಡೆ ಮಾಡಿದ ಅಂತ ಪ್ರಸಿದ್ಧ. 1933ರ ನವೆಂಬರಿನಲ್ಲಿ, ಚಳಿಗಾಲ ಎದುರಿಗಿದೆ, ಸಿಡಬ್ಲ್ಯುಎ ಅಂತ ಒಂದು ತಾತ್ಕಾಲಿಕ ಯೋಜನೆ ಹುಟ್ಟಿತು. ಜನವರಿ ಮಧ್ಯಕ್ಕೆ ಸುಮಾರು 40 ಲಕ್ಷ ಜನ ಕೆಲಸದಲ್ಲಿದ್ದರು.

ಹೇಗೆ ಅಂದರೆ, ಹೊಸ ಇಲಾಖೆ ಕಟ್ಟಲು ಹೋಗಲಿಲ್ಲ. ದೇಶದ ಎಲ್ಲಾ ಕಡೆ ಚೆಕ್ ಕಳಿಸುವ ವ್ಯವಸ್ಥೆ ಆಗಲೇ ಯಾರ ಹತ್ತಿರ ಇದೆ ಅಂತ ನೋಡಿದ. ಮಾಜಿ ಸೈನಿಕರಿಗೆ ಪಿಂಚಣಿ ಹಂಚುವ ಇಲಾಖೆ ಹತ್ತಿರ ಇತ್ತು. ಅವರ ಕೈಲೇ ಚೆಕ್ ಬರೆಸಿದ. ಯೋಜನೆ ಘೋಷಣೆಯಾದ ಎರಡು ವಾರದಲ್ಲಿ ಸುಮಾರು 8 ಲಕ್ಷ ಜನ ಮೊದಲ ಕೂಲಿ ಎಣಿಸಿಕೊಂಡರು. ಅರ್ಧ ಜನರನ್ನು ಪರಿಹಾರದ ಪಟ್ಟಿಯಿಂದ ತೆಗೆದುಕೊಂಡ, ಉಳಿದರ್ಧಕ್ಕೆ "ನೀನೆಷ್ಟು ಬಡವ, ತೋರಿಸು" ಅಂತ ಕೇಳಲೇ ಇಲ್ಲ, ಕೆಲಸ ಇಲ್ಲವಾ, ಬಾ. ನೀವು ಹೇಳಿದ ಆ ಟೈಲ್ಸ್ ಹುಡುಗ ಇಲ್ಲಿ ಸಲೀಸಾಗಿ ಒಳಗೆ ಬಂದುಬಿಡುತ್ತಿದ್ದ.

ಖರ್ಚು ನೋಡಿ ರೂಸ್‌ವೆಲ್ಟೇ ಬೆದರಿ ವಸಂತಕಾಲಕ್ಕೆ ಅದನ್ನು ನಿಲ್ಲಿಸಿದ, ಅದೂ ಆಯ್ತು. ಆಮೇಲೆ 1935ರಲ್ಲಿ ಡಬ್ಲ್ಯುಪಿಎ ಅಂತ ಇನ್ನೊಂದು ಕೆಲಸದ ಯೋಜನೆ ಬಂತು, ಎಂಟು ವರ್ಷ ನಡೆಯಿತು, ಒಟ್ಟು ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು. ಗುಂಡಿ ತೋಡಿ ಮುಚ್ಚಿದರು ಅಂದರಲ್ಲ ನಿಮ್ಮ ಎಂಜಿನಿಯರು, ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣ ಅದೇ ದುಡ್ಡಿನಲ್ಲಿ ಆದದ್ದು. ಕೆಲಸವಿಲ್ಲದ ಬರಹಗಾರರಿಗೂ ಅದರಲ್ಲಿ ಕೂಲಿ ಇತ್ತು. ಒಂದು ಕಾಲದಲ್ಲಿ ಗುಲಾಮರಾಗಿದ್ದ, ಆಗ ಎಂಬತ್ತು ತೊಂಬತ್ತು ದಾಟಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ಅವರ ಬಾಯಿಂದ ಕೇಳಿ ಬರೆದಿಟ್ಟರು. ಆ ವರ್ಷಗಳಲ್ಲಿ ಬರೆಯದಿದ್ದರೆ ಆ ಮಾತು ಅವರ ಜೊತೆಗೇ ಹೋಗುತ್ತಿತ್ತು.

---

ಪಿಡಿಒ ಗದಗ ಸೀಮೆ ಉತ್ತರ:

ಎಲ್ಲರಿಗೂ ಧನ್ಯವಾದ. ಮಾವನವರಿಗೆ ಪಿಟ್ಸ್‌ಬರ್ಗ್ ಕಥೆ ಓದಿ ಹೇಳಿದೆ, ನಕ್ಕರು, ಒಪ್ಪಲಿಲ್ಲ. ಅನುಮಾನದವರೇ, ಪಹಣಿ ಮಾತು ಸರಿ. ನಮ್ಮಲ್ಲಿ ಕೋರಿಗೆ ಮಾಡುವವರು ಬೆಳೆ ಪರಿಹಾರದ ಹೊತ್ತಿಗೆ ಕಚೇರಿಗೆ ಬಂದು ಸುಮ್ಮನೆ ನಿಲ್ಲುತ್ತಾರೆ, ನಾನು ಗ್ರಾಮ ಆಡಳಿತಾಧಿಕಾರಿ ಕಡೆ ಕೈ ತೋರಿಸ್ತೀನಿ.

ಕ್ಯಾಷಿಯರ್ ಸರ್, ಒಂದು ಉಪಪ್ರಶ್ನೆ. ಅಷ್ಟು ಅವಸರದಲ್ಲಿ 40 ಲಕ್ಷ ಜನಕ್ಕೆ ಚೆಕ್ ಬರೆದರೆ ಸುಳ್ಳು ಹೆಸರು, ಕಳ್ಳಬಿಲ್ಲು ಇರಲಿಲ್ಲವಾ? ನಮಗಂತೂ ಫೋಟೋ ತೆಗೆದು ಹಾಜರಾತಿ ಹಾಕದೆ ಎನ್‌ಎಂಆರ್ ಮುಂದೆ ಹೋಗಲ್ಲ. ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಹಾಜರಾತಿ ಹಾಕುವ ಕಾಯಕ ಬಂಧು ಮೊಬೈಲ್ ಎತ್ತಿಕೊಂಡು ದಿಬ್ಬ ಹತ್ತುತ್ತಾಳೆ.

---

ಹಳೇ ಕ್ಯಾಷಿಯರ್ ಉತ್ತರ:

ಇತ್ತು ಮೇಡಂ. ಇಲ್ಲದೆ ಇರುತ್ತಾ? ಕೆಲಸ ತನ್ನ ಪಕ್ಷದವರಿಗೇ ಅಂತ ಊರೂರ ಪುಢಾರಿಗಳೂ ಹೊಂಚುಹಾಕಿದ್ದರು. ಹಾಪ್ಕಿನ್ಸ್ ದೂರು ಬಂದ ಕಡೆ ತನಿಖೆಗೆ ಜನ ಕಳಿಸಿದ, ಕೆಲವು ಕಡೆ ಉಸ್ತುವಾರಿ ಸೈನ್ಯದ ಎಂಜಿನಿಯರುಗಳಿಗೆ ಕೊಟ್ಟ. ತಪ್ಪು ಹುಡುಕುವ ಕೆಲಸವನ್ನು ಕೂಲಿ ಕೊಟ್ಟ ಮೇಲೆ ಇಟ್ಟುಕೊಂಡ, ಮೊದಲು ಇಟ್ಟುಕೊಳ್ಳಲಿಲ್ಲ. ಬ್ಯಾಂಕಿನಲ್ಲಿ ನಾವೂ ಆಡಿಟ್ಟನ್ನು ಸಂಜೆ ಬಾಗಿಲು ಹಾಕಿದ ಮೇಲೆ ಮಾಡುತ್ತಿದ್ದೆವು, ಕೌಂಟರ್ ಮುಂದೆ ಜನ ನಿಂತಿದ್ದಾಗ ಅಲ್ಲ.

ಆ ಕಾಯಕ ಬಂಧುಗೆ ದಿಬ್ಬ ಹತ್ತಿದ್ದಕ್ಕೆ ಏನಾದರೂ ಕೊಡ್ತೀರಾ, ಅಥವಾ ಅದೂ ಪುಕ್ಕಟೆಯಾ?